ಹುಳದ ಮನೆಯ ಫ್ರೆಂಚ್ ಬೈಗುಳ

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಬರೆಯಲು ಕೂತಿದ್ದೇನೆ, ಯಾಕೆಂದರೆ ನನ್ನ ಮೊಮ್ಮಗಳು ಬಾಯಿಬಿಟ್ಟಳು! ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರಲು ನನ್ನಿಂದಾಗದು.

ಶಿಡ್ಲಘಟ್ಟದ ಹತ್ತಿರ ನಮ್ಮೂರು. ರೇಷ್ಮೆ ಹುಳ ಸಾಕುತ್ತೇವೆ. ಹುಳದ ಮನೆಯೆಂದರೆ ನಮಗೆ ದೇವರ ಮನೆ. ಚಪ್ಪಲಿ ಹೊರಗೆ ಬಿಡಬೇಕು, ಕೆಟ್ಟ ಮಾತು ಆಡಬಾರದು. ಆಡಿದರೆ ಹುಳ ಮುನಿದು ಗೂಡು ಕಟ್ಟುವುದಿಲ್ಲ ಎಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ನನ್ನದೋ ಹರುಕು ಬಾಯಿ. ಸೊಪ್ಪಿನ ಹೊರೆ ಕಾಲ ಮೇಲೆ ಬಿದ್ದರೂ ತುಟಿ ಕಚ್ಚಿಕೊಂಡಿರಬೇಕು.

ಮೊಮ್ಮಗಳು ಬಸ್ಸಿನಲ್ಲಿ ಚಿಕ್ಕಬಳ್ಳಾಪುರದ ಕಾಲೇಜಿಗೆ ಹೋಗಿ ಫ್ರೆಂಚ್ ಕಲಿಯುತ್ತಿದ್ದಳು. ಮೇಷ್ಟ್ರು ಹೇಳಿಕೊಡದ ಮಾತುಗಳನ್ನು ಫೋನಿನಿಂದ ಕಲಿಯುತ್ತಿದ್ದಳು. ಒಂದು ದಿನ ಹುಳಕ್ಕೆ ಸೊಪ್ಪು ಹರಡುತ್ತಾ ಹೇಳಿದಳು:

"ಅಜ್ಜಿ, ಯಾಕೆ ಬಾಯಿ ಕಟ್ಕೊಂಡು ಸಾಯ್ತೀಯ? ಫ್ರೆಂಚಲ್ಲಿ ಬೈಯಿ. ಹುಳಕ್ಕೆಲ್ಲಿ ಫ್ರೆಂಚ್ ಬರುತ್ತೆ?"

ಹಾಗೆ ಕಲಿತೆ. ಏನಾದರೂ ಕೆಟ್ಟರೆ 'ಮೆರ್ದ್', ಅಂದರೆ ಹೇಲು. ಬೆರಗಾದರೆ 'ಲಾ ವಾಶ್', ಅಂದರೆ ಹಸು.

"ಹಸು ಏನೇ ಮಾಡಿತ್ತು ಪಾಪ? ಎಮ್ಮೆ ಅನ್ನಬೇಕು ಕಣೇ."

"ಅವರ ದೇಶದಲ್ಲಿ ಎಮ್ಮೆ ಕಮ್ಮಿ ಕಣಜ್ಜಿ."

ಆಮೇಲೆ ಅವಳಿಗೆ ಜ್ವರ ಬಂತು, ಮಿದುಳಿಗೇರಿತು. ಬೆಂಗಳೂರಿನ ಆಸ್ಪತ್ರೆಯಿಂದ ಜೀವ ಉಳಿಸಿಕೊಂಡು ಬಂದಳು, ಮಾತು ಬರಲಿಲ್ಲ. ಬಲಗೈ ಹಗ್ಗದಂತೆ ಜೋತುಬಿದ್ದಿತ್ತು. ನಾವು ಆಡುವುದೆಲ್ಲ ಅವಳಿಗೆ ತಿಳಿಯುತ್ತಿತ್ತು, ಬಾಯಿ ತೆರೆದರೆ ಮಾತ್ರ ಬರೀ ಗಾಳಿ. ಸೊಸೆ ದಿನವೂ ಮಗಳ ಮುಂದೆ ಕೂತು, "ಅಮ್ಮ ಅನ್ನು ಮಗಳೇ, ಅಮ್ಮ" ಎಂದು ಬೇಡುತ್ತಿದ್ದಳು. ಮಗಳ ತುಟಿ ಕೂಡುತ್ತಿತ್ತು, ಬಿಡುತ್ತಿತ್ತು, ಕಣ್ಣೀರು ಸುರಿಯುತ್ತಿತ್ತು. ಕಡೆಗೆ ಬಾಯಿ ತೆರೆಯುವುದನ್ನೇ ಬಿಟ್ಟಳು.

ನನ್ನ ನಾದಿನಿ ನೋಡಲು ಬಂದವಳು, "ಹುಳದ ಮನೇಲಿ ಅಜ್ಜಿ ಮೊಮ್ಮಗಳು ಅದ್ಯಾವ್ದೋ ಭಾಷೇಲಿ ಹೊಲಸು ಮಾತಾಡ್ತಿದ್ರಂತಲ್ಲ, ಅದಕ್ಕೇ ದೇವರು ನಾಲಿಗೆ ಕಿತ್ಕೊಂಡ" ಎಂದಳು. ಅಂದಿನಿಂದ ಮನೆಯಲ್ಲಿ ಫ್ರೆಂಚ್ ಎತ್ತಕೂಡದು ಎಂದು ಸೊಸೆ ಕಟ್ಟುಮಾಡಿದಳು. ನಾನೂ ಹೆದರಿ ಬಾಯಿ ಮುಚ್ಚಿದೆ. ಹುಳ ಸೊಪ್ಪು ಮೇಯುವ ಸದ್ದು ಬಿಟ್ಟರೆ ನಮ್ಮಲ್ಲಿ ಬೇರೆ ಸದ್ದಿರಲಿಲ್ಲ.

ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಮೊಮ್ಮಗಳನ್ನು ಹೊಸಿಲ ಬಳಿ ಕೂರಿಸಿ, ಹುಳಗಳನ್ನು ಆರಿಸಿ ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡುತ್ತಿದ್ದೆ. ತುಂಬಿದ ಚಂದ್ರಿಕೆ ಎತ್ತುವಾಗ ಕೈ ಜಾರಿತು. ಹುಳವೆಲ್ಲ ನೆಲದ ಪಾಲು. ನಾನು ತುಟಿ ಕಚ್ಚಿದೆ.

ಬೆನ್ನ ಹಿಂದೆ, ಒಡಕು ದನಿಯಲ್ಲಿ, "ಮೆರ್ದ್!"

"ಲಾ ವಾಶ್!" ಎಂದು ಕಿರುಚಿಬಿಟ್ಟೆ. ಅವಳ ಮುಖದ ಒಂದು ಮಗ್ಗುಲು ನಕ್ಕಿತು. ಇನ್ನೊಮ್ಮೆ ಅಂದಳು. ಹುಳದೆದುರಿಗೇ!

ಸೊಸೆ ಓಡಿ ಬಂದಳು, ಕೇಳಿಸಿಕೊಂಡಳು, ಅಲ್ಲೇ ಕುಸಿದು ಅತ್ತಳು. "ಅಮ್ಮ ಅನ್ನಲಿಲ್ವಲ್ಲ ಅತ್ತೆ."

ನಾನು ಹಾಲಿನವನಿಗೂ ಸಕ್ಕರೆ ಹಂಚಿದೆ. ಬೈಗುಳ ಮಿದುಳಿನ ಬೇರೆ ಮೂಲೆಯಲ್ಲಿರುತ್ತದೆ, ಕೆಲವರಿಗೆ ಅದೇ ಮೊದಲು ಬರುತ್ತದೆ ಎಂದರು ಮಾತು ಕಲಿಸುವ ಮೇಡಮ್ಮು. ಉಳಿದದ್ದು ಬಂದೀತು, ಬಾರದೆಯೂ ಹೋದೀತಂತೆ. ಈವರೆಗೆ ಬಂದಿಲ್ಲ. ನೀರು ಬೇಕಾದರೂ ಮೆರ್ದ್, ನೋವಾದರೂ ಮೆರ್ದ್. ಇರಲಿ ಬಿಡಿ, ನನ್ನ ಕಿವಿಗೆ ಅದೇ ಸುಪ್ರಭಾತ.

ಮೊನ್ನೆ ನಾದಿನಿ ಮತ್ತೆ ಬಂದಳು. ಮೊಮ್ಮಗಳೆದುರಿಗೇ, "ಅಯ್ಯೋ ನಾ ತಲ್ಲಿ, ನನ್ ತಾಯಿ, ಮೂಗಿ ಆಗೋದ್ಲು. ಇನ್ಯಾರು ಕಟ್ಕೋತಾರೆ?" ಎಂದಳು.

"ಮೆರ್ದ್," ಎಂದಳು ಮೊಮ್ಮಗಳು, ನೇರ ಮುಖ ನೋಡಿ.

"ಏನಂತೆ?"

ನಾನು ಏನೋ ಹೇಳಹೊರಟೆ. ಸೊಸೆಯೇ ಬಾಯಿ ಹಾಕಿದಳು: "ನಿಮಗೆ ಒಳ್ಳೇದಾಗ್ಲಿ ಅಂತಿದಾಳೆ, ಚಿಕ್ಕತ್ತೆ."

ನಾದಿನಿ ಕೈಮುಗಿದು ಹೊರಟಳು. ಸೊಸೆ ಬಾಗಿಲು ಹಾಕಿ ಬಂದು, ಮಗಳ ಬಲಗೈಯನ್ನು ತನ್ನ ಮಡಿಲಿಗೆಳೆದುಕೊಂಡು ಕೂತಳು.

"ಹಸುದೊಂದು ಇತ್ತಲ್ಲ ಅತ್ತೆ, ಅದನ್ನ ನಂಗೂ ಹೇಳ್ಕೊಡಿ."