ರುದ್ರಪ್ಪಜ್ಜ ತಂತಿ ಕಡಿದಿರಲಿಲ್ಲ

ನಂಬಿಕೆ ಬರುತ್ತಿಲ್ಲ…
ಮೊದಲು ಫೋಟೋ ಬಂತು. ಸುದ್ದಿ ಆಮೇಲೆ ತಿಳಿಯಿತು.

ಮೂಡಲಗಿಯಲ್ಲಿ ನಾನು ಕೆಲಸ ಮಾಡುವ ಫ್ಲೆಕ್ಸ್ ಅಂಗಡಿಯ ವಾಟ್ಸಾಪ್‌ಗೆ ಬೆಳಿಗ್ಗೆ ಬಂದ ಆರ್ಡರ್ ಅದು.
ಕಲ್ಲೋಳಿಯ ರುದ್ರಪ್ಪಜ್ಜನ ಫೋಟೋ.
ಹುಟ್ಟುಹಬ್ಬದ ಬ್ಯಾನರ್ ಇರಬೇಕು ಅಂದುಕೊಂಡೆ… ತೊಂಬತ್ತು ದಾಟಿದವರಿಗೆ ಮೊಮ್ಮಕ್ಕಳು ಮಾಡಿಸುತ್ತಾರೆ.
ಕೆಳಗೆ ಅಜ್ಜನ ಮೊಮ್ಮಗ ಮಲ್ಲಣ್ಣನ ವಾಯ್ಸ್ ಮೆಸೇಜ್ ಇತ್ತು.
"ಹಾರ ಹಾಕೋ ಲೇ. ದೀಪಾನೂ ಇಡು. ಜಲ್ದಿ ಬೇಕು."

ಹಾರ ಹಾಕಿದೆ. ದೀಪ ಇಟ್ಟೆ.
ಹಾರ ಸ್ವಲ್ಪ ಎಡಕ್ಕೆ ವಾಲಿತ್ತು… ಸರಿ ಮಾಡಿದೆ.
ಅಳು ಬರಲಿಲ್ಲ. ಈಗಲೂ ಬಂದಿಲ್ಲ.

ಆಮೇಲೆ ಫೋಟೋದ ಕೆಳಗೆ ಹಾಕಬೇಕಾದ ಸಾಲು ಬಂತು.
"ಚಲೇಜಾವ್ ಚಳವಳಿಯಲ್ಲಿ ತಂತಿ ಕಡಿದು ಜೈಲು ಕಂಡ ವೀರ."
ಅಲ್ಲಿ ಕೈ ನಿಂತಿತು.

ಗೆಳೆಯರೇ, ಆ ಸಾಲನ್ನು ನೀವೆಲ್ಲ ಈಗ ಶೇರ್ ಮಾಡುತ್ತಿದ್ದೀರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹತ್ತನೇತ್ತಾ, ಅಂದರೆ ಹತ್ತನೇ ಕ್ಲಾಸು, ಅರ್ಧಕ್ಕೆ ಬಿಟ್ಟವನು ನಾನು. ಒಂದು ಕಡೆ ಕೂತವನಲ್ಲ.
ಕಲ್ಲೋಳಿ ಬಸ್ಸಿಗೆ ಕಾಯುತ್ತ ಅಜ್ಜ ನಮ್ಮ ಅಂಗಡಿಯಲ್ಲಿ ಕೂರುತ್ತಿದ್ದರು. ಕಣ್ಣು ಮಂಜಾಗಿತ್ತು, ನನ್ನಿಂದ ಪೇಪರ್ ಓದಿಸುತ್ತಿದ್ದರು.
"ಸಾಲಿ ಬಿಟ್ಟಾವಾ ಓದಿದ್ರ ಚಲೋ ತಿಳಿತೈತಿ. ಶಾಣ್ಯಾ ಮಂದಿ ಭಾಳ ಓಡಸ್ತಾರ."

ಎಷ್ಟು ಓದಿದರೂ ಒಮ್ಮೆಯೂ "ಹೂಂ" ಅನ್ನುತ್ತಿರಲಿಲ್ಲ.
"ಅಜ್ಜಾ, ನಿದ್ದಿ ಹತ್ತಿತೇನ್ರಿ?"
"ಕೇಳಾಕತ್ತೇನಲೇ ತಮ್ಮಾ. ನಾ ಹೂಂ ಅನ್ನೂದು ಬಿಟ್ಟಾಗ ನಿಮ್ಮಪ್ಪನೂ ಹುಟ್ಟಿರಲಿಲ್ಲ."

ಹೀಗೇ ಒಂದು ಮಧ್ಯಾಹ್ನ ಹೇಳಿದರು…

ಚಳವಳಿಯ ವರ್ಷ. ಅಜ್ಜನಿಗಿನ್ನೂ ಮೀಸೆ ಚಿಗುರುತ್ತಿತ್ತು. ಕಲ್ಲೋಳಿಯಿಂದ ಬೆಲ್ಲದ ಗಾಡಿ ಹೊಡೆದುಕೊಂಡು ಘಟಪ್ರಭಾ ಸ್ಟೇಷನ್ನಿಗೆ ಹೊರಟಿದ್ದರು. ದಾರಿಯಲ್ಲಿ ಯಾರೋ ಸರ್ಕಾರದ ಟೆಲಿಗ್ರಾಫ್ ತಂತಿ ಕಡಿದಿದ್ದರು. ಗಾಡಿಯಲ್ಲಿ ಮೇವು ಕೊಯ್ಯುವ ಕುಡುಗೋಲಿತ್ತು.
ಪೊಲೀಸರಿಗೆ ಅಷ್ಟು ಸಾಕಾಯಿತು.
ಯಾಕೆ ಹಿಡಿದದ್ದು ಅಂತ ಯಾರೂ ಹೇಳಲಿಲ್ಲ. ವಕೀಲ ಅಂದರೆ ಯಾರು ಅಂತಲೂ ಅಜ್ಜನಿಗೆ ಗೊತ್ತಿರಲಿಲ್ಲ.
ಆಗಿನ ಸರ್ಕಾರದ ಒಬ್ಬ ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಿದರು. ಸಾಹೇಬ ಇಂಗ್ಲಿಷಿನಲ್ಲಿ ಓದುವುದು, ಕಾರಕೂನ ಕನ್ನಡದಲ್ಲಿ ಹೇಳುವುದು.

"ದೊಡ್ಡಾವ್ರು ಮಾತಾಡುವಾಗ ಕಲ್ಲಿನಂಗ ನಿಂದ್ರಬ್ಯಾಡ, ಹೂಂ ರೀ ಅನ್ನಬೇಕು ಅಂತ ನಮ್ಮವ್ವ ಕಲಿಸಿದ್ಲು. ಕಾರಕೂನ, ನೀ ಕಲ್ಲೋಳಿಯಾವಾ ಅಂದಾ. ಹೂಂ ರೀ ಅಂದ್ನಿ. ಗಾಡಿ ತಂದಿ ಅಂದಾ. ಹೂಂ ರೀ. ಕುಡುಗೋಲಿಂದ ತಂತಿ ಕಡದಿ ಅಂದಾ. ಹೂಂ ರೀ ಅಂದ್ನಿ… ಮುಂದೇನ ಹೇಳ್ತಾನೋ ಕೇಳೂನು ಅಂತ. ಮುಂದ ಏನೂ ಇರಲಿಲ್ಲೋ ತಮ್ಮಾ. ಅಲ್ಲಿಗೇ ಬರಕೊಂಡ್ರು."

ತಪ್ಪು ಒಪ್ಪಿಕೊಂಡ ಅಂತ ಬರೆದುಕೊಂಡರು. ಜೈಲಾಯಿತು.
ಹೊರಗೆ ಬರುವಷ್ಟರಲ್ಲಿ ಅವ್ವ ತೀರಿದ್ದಳು.
"ನನ್ನ ಮಗಾ ಖರೇನ ಕಡದ್ನೇನು?" ಅಂತ ಕೊನೆಯವರೆಗೂ ಕೇಳುತ್ತಿದ್ದಳಂತೆ… ಇಲ್ಲ ಅನ್ನಲು ಇವರು ಹತ್ತಿರ ಇರಲಿಲ್ಲ.

ಅಜ್ಜಾ…
ಇನ್ನೊಂದು ದಿನ ನನ್ನ ಮೊಬೈಲಿನಲ್ಲಿ ಸಂವಿಧಾನ ಓದಿಸಿದ್ದಿರಿ, ನೆನಪಿದೆಯಾ?
ಹಿಡಿದವರು ಕಾರಣ ಹೇಳಬೇಕು. ವಕೀಲನನ್ನು ಕಾಣಲು ಬಿಡಬೇಕು. ತನ್ನ ಮೇಲೆ ತಾನೇ ಸಾಕ್ಷಿ ಹೇಳು ಅಂತ ಆರೋಪಿಯನ್ನು ಒತ್ತಾಯ ಮಾಡುವಂತಿಲ್ಲ.
"ಅಂದ್ರ ಸುಮ್ನ ನಿಂತರೂ ನಡೀತೈತಿ?" ಅಂತ ಕೇಳಿದಿರಿ.
"ನಡೀತೈತ್ರಿ."
"ಇದನ್ನ ಅವತ್ತ ಯಾರರೆ ಹೇಳಿದ್ರ…"
ಅಷ್ಟೇ ಅಂದಿರಿ. ಆಮೇಲೆ ಬಸ್ ಬಂತು.

ಸ್ವಾತಂತ್ರ್ಯದ ದಿನ ಸ್ಟೇಜಿಗೆ ಕರೆದರೆ ನೀವು ಹೋಗುತ್ತಿರಲಿಲ್ಲ. ಊರವರು ಸೊಕ್ಕು ಅಂದರು.
ನನಗೆ ಹೇಳಿದ್ದು ಬೇರೆ. "ಕಡದಾವ್ರು ಯಾರೋ ಅದಾರ. ಅವರ ಕುರ್ಚಿ ಮ್ಯಾಲ ನಾ ಹ್ಯಾಂಗ ಕುಂದ್ರಲಿ?"

ಇವತ್ತು ಅದನ್ನೇ ನೆನೆದು ಮಲ್ಲಣ್ಣನಿಗೆ ಫೋನ್‌ನಲ್ಲಿ ಹೇಳಿದೆ.
"ಆ ಸಾಲು ಬ್ಯಾಡ್ರಿ ಅಣ್ಣಾ. ಅಜ್ಜ ಕಡದಿಲ್ಲ."
"ಕೋರ್ಟ್ ಹೇಳೈತಿ ಕಡದಾನಂತ. ನೀ ಯಾವ ಜಡ್ಜಲೇ?"
"ಅಜ್ಜನ ಬಾಯಿಂದ ಕೇಳೇನ್ರಿ."
"ಹೊಗಳಾಕತ್ತೇವಿ, ಬೈಯಾಕತ್ತಿಲ್ಲ. ನಮಗ ಬೇಕಾದ್ದು ಬರಸೂ ಸ್ವಾತಂತ್ರ್ಯ ಐತಿ."
"ಐತ್ರಿ. ಆದ್ರ ಸತ್ತಾವ್ರ ಹೆಸರಲೆ ಸುಳ್ಳ ಒಪ್ಪಗೊಳ್ಳೂ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ."
"ಹತ್ತನೇತ್ತಾ ದಾಟದಾವಾ ನಮಗ ಕಾಯ್ದೆ ಕಲಸ್ತಿ?"
ಫೋನ್ ಇಟ್ಟರು. ಆರ್ಡರ್ ಗೋಕಾಕಿನ ಬೇರೆ ಅಂಗಡಿಗೆ ಹೋಯಿತು.

ಈಗ ಕಲ್ಲೋಳಿಯ ದಾರಿಯಲ್ಲಿ ಆ ಬ್ಯಾನರ್ ನಿಂತಿದೆಯಂತೆ…
ಮಲ್ಲಣ್ಣನ ಮೇಲೆ ಸಿಟ್ಟಿಲ್ಲ. ಅವರಿಗೂ ಅಜ್ಜನೇ. ದೊಡ್ಡವರನ್ನಾಗಿ ಕಳಿಸಬೇಕು ಅನ್ನುವ ಆಸೆ.
ಆದರೆ ಆ ಸಾಲು ಓದಿದಾಗಲೆಲ್ಲ ಅಜ್ಜನನ್ನು ಮತ್ತೊಮ್ಮೆ ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಆಗುತ್ತಿದೆ.
ಈ ಸಲ ಬಾಯಿ ತೆಗೆದು ಇಲ್ಲ ಅನ್ನಲು ಅವರಿಲ್ಲ.

ಅದಕ್ಕೆ ನಾನು ಹೇಳುತ್ತಿದ್ದೇನೆ.
ಇಲ್ಲ. ರುದ್ರಪ್ಪಜ್ಜ ತಂತಿ ಕಡಿದಿರಲಿಲ್ಲ.
ಬೆಲ್ಲದ ಗಾಡಿ ಹೊಡೆಯುತ್ತಿದ್ದರು.
ಶೇರ್ ಮಾಡುವುದಿದ್ದರೆ ಇದನ್ನು ಮಾಡಿ.

ಸಂಜೆ ಅಜ್ಜನ ಮಣ್ಣಿಗೆ ಹೊರಟಿದ್ದೇನೆ. ಇನ್ನೂ ಅಳು ಬಂದಿಲ್ಲ… ಯಾಕೋ ಗೊತ್ತಿಲ್ಲ.

ಹೋಗಿ ಬರ್ರಿ ಅಜ್ಜಾರ…
ಅಲ್ಲಿ ಯಾರೇನು ಕೇಳಿದರೂ ಸುಮ್ಮನಿರಿ. ಅದು ನಿಮ್ಮ ಹಕ್ಕು.
ಮೊದಲು ಅವ್ವನನ್ನು ಕಾಣ್ರಿ, ಅವಳಿಗೊಬ್ಬಳಿಗೇ ಉತ್ತರ ಹೇಳ್ರಿ.
ನಿಮ್ಮ ಜೀವ ತಣ್ಣಗಿರಲಿ. ಶರಣು 🙏