ಮಿಸ್ ಮಗಳ ಜಾಗ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಬಟವಾಡಿಯಲ್ಲಿ ಫ್ಲೆಕ್ಸುಗಳದೇ ದರ್ಬಾರು. ಲೈಟು ಕಂಬಕ್ಕೊಂದು, ಕ್ಲಿನಿಕ್ಕಿನ ಗೋಡೆಗೊಂದು, ಸಿಟಿ ಬಸ್ಸಿನ ಬೆನ್ನಿಗೊಂದು. ಎಲ್ಲದರಲ್ಲೂ ಕೋಟು ತೊಟ್ಟ ಮಗುವೊಂದು ಗ್ಲೋಬು ಹಿಡಿದು ನಗುತ್ತಿರುತ್ತದೆ. ಆ ಮಗು ತುಮಕೂರಿನದಂತೂ ಅಲ್ಲ, ಯಾವ ದೇಶದ್ದೋ ದೇವರೇ ಬಲ್ಲ. ಹೆಸರಿನಲ್ಲೇ ಇಂಟರ್‌ನ್ಯಾಷನಲ್ ಇಟ್ಟುಕೊಂಡ ಶಾಲೆಯ ಹಳದಿ ವ್ಯಾನು ಪಕ್ಕದ ಕ್ಯಾತ್ಸಂದ್ರ ದಾಟಿದ್ದನ್ನು ನಾನು ಕಂಡಿಲ್ಲ. ನಮ್ಮ ಬೀದಿಯ ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಒಬ್ಬಳು ‘ಸೀಟ್ ಸಿಕ್ತು’ ಎಂದು ಹಾಕಿದರೆ ಸಾಕು, ಸಂಜೆಯವರೆಗೂ ಹೂಗುಚ್ಛಗಳ ಸುರಿಮಳೆ. ಸಿಕ್ಕಿದ್ದು ಎಲ್‌ಕೆಜಿಗೆ. ಐಎಎಸ್ ಪಾಸಾದರೂ ಅಷ್ಟು ಹೂವು ಬೀಳಲಿಕ್ಕಿಲ್ಲ.

ನಾನು ಸರ್ಕಾರಿ ಪ್ರೈಮರಿ ಶಾಲೆಯ ಟೀಚರು. ಸತ್ಯಮಂಗಲದ ಫ್ಯಾಕ್ಟರಿಗಳ ಬೆನ್ನಿಗೆ ನಮ್ಮ ಶಾಲೆ. ಮಕ್ಕಳಿಗೆ ಪುಸ್ತಕ, ಬಟ್ಟೆ, ಶೂ, ಹಾಲು, ಮೊಟ್ಟೆ, ಊಟ ಎಲ್ಲ ಬಿಟ್ಟಿ. ಇಷ್ಟೆಲ್ಲ ಕೊಟ್ಟರೂ ಜನ ನಮ್ಮನ್ನು ನೋಡುವುದು ರೇಷನ್ ಅಂಗಡಿಯ ಅಕ್ಕಿಯನ್ನು ನೋಡಿದ ಹಾಗೆ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇಲ್ಲ, ಕೊರಳಿಗೊಂದು ಟೈ ಬಿಗಿದರೆ ಅದೇ ವಿದ್ಯೆ. ಇದನ್ನು ಸ್ಟಾಫ್ ರೂಮಿನಲ್ಲಿ ದಿನಕ್ಕೆರಡು ಸಲ ಹೇಳಿ ನಾವು ಸಮಾಧಾನಪಟ್ಟುಕೊಳ್ಳುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವಳು ನಾನು.

ಈಗ ನಿಜ ಹೇಳಿಬಿಡುತ್ತೇನೆ. ಆ ಹೂಗುಚ್ಛಗಳು ಹಿಂದೊಮ್ಮೆ ನನಗೂ ಬಂದಿದ್ದವು. ನನ್ನ ಮಗಳು ಹೋಗುತ್ತಿದ್ದುದು ಅದೇ ಇಂಟರ್‌ನ್ಯಾಷನಲ್ ಶಾಲೆಗೆ, ಅದೇ ಹಳದಿ ವ್ಯಾನಿನಲ್ಲಿ. ಗಂಡನನ್ನು ದೂರುವಂತಿಲ್ಲ, ಶಾಲೆ ಆರಿಸಿದ್ದು ನಾನೇ. ನಮ್ಮ ಹೆಡ್ಮಾಸ್ಟರು ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದರು. ಅವರ ಇಬ್ಬರು ಮಕ್ಕಳೂ ಅಲ್ಲಿನ ಖಾಸಗಿ ಕಾನ್ವೆಂಟಿನಲ್ಲೇ. ಸ್ಟಾಫ್ ರೂಮಿನಲ್ಲಿ ಮೂರೂವರೆ ಆಗುತ್ತಿದ್ದಂತೆ ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಅವರವರ ಮಕ್ಕಳ ವ್ಯಾನು ಬರುವ ಹೊತ್ತು ಅದು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅನ್ನುವ ಗಾದೆಯನ್ನು ನಾವೇ ಮಕ್ಕಳಿಗೆ ಕಲಿಸುತ್ತೇವೆ, ಅರ್ಥಸಹಿತ.

ಆ ವರ್ಷ ಒಂದನೇ ತರಗತಿಗೆ ಮಕ್ಕಳು ಕಡಿಮೆ ಬಿದ್ದರು. ಇನ್ನೊಂದು ಮಗು ಸೇರದಿದ್ದರೆ ನಾನು ‘ಹೆಚ್ಚುವರಿ’ ಪಟ್ಟಿಗೆ ಹೋಗುತ್ತೇನೆಂದು ಹೆಡ್ಮಾಸ್ಟರು ಗಂಟಲು ಸರಿಮಾಡಿಕೊಂಡು ಹೇಳಿದರು. ಹೆಚ್ಚುವರಿ ಅಂದರೆ ಈ ಶಾಲೆಗೆ ಬೇಡವಾದ ಟೀಚರು. ಎಲ್ಲಿ ಖಾಲಿ ಇದೆಯೋ ಅಲ್ಲಿಗೆ ಎತ್ತಿಹಾಕುತ್ತಾರೆ. ಖಾಲಿ ಇದ್ದದ್ದು ಕುಣಿಗಲ್ ತಾಲ್ಲೂಕಿನ ಒಂದು ಮೂಲೆಯಲ್ಲಿ, ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ನಾನು ಅಲ್ಲಿಗೆ ಹೋದರೆ ಬೆಳಿಗ್ಗೆ ಎಂಟೂವರೆಗೆ ಮಗಳನ್ನು ವ್ಯಾನು ಹತ್ತಿಸುವವರು ಯಾರು? ಅಂದರೆ, ನನ್ನ ಮಗಳು ಖಾಸಗಿ ಶಾಲೆಗೆ ಹೋಗುತ್ತಿರಬೇಕಾದರೆ ಬೇರೆ ಯಾರದಾದರೂ ಮಗು ನನ್ನ ಶಾಲೆಗೆ ಬರಬೇಕಿತ್ತು. ಹೀಗೆ ಬಿಡಿಸಿ ಆಗ ಯೋಚಿಸಲಿಲ್ಲ. ಯೋಚಿಸಿದ್ದರೆ ನಾಚಿಕೆಯಾಗುತ್ತಿತ್ತೇನೋ.

ದಾಖಲಾತಿ ಆಂದೋಲನಕ್ಕೆ ಹೊರಟೆವು. ಮುಂದೆ ತಮಟೆಯವನು, ಅವನ ಹಿಂದೆ ‘ನಮ್ಮ ಶಾಲೆ ನಮ್ಮ ಹೆಮ್ಮೆ’ ಎಂದು ಕೂಗುವ ನಾಲ್ಕನೇ ಕ್ಲಾಸಿನ ಮಕ್ಕಳು, ಕೊನೆಗೆ ಕೊಡೆ ಹಿಡಿದ ನಾವು. ಕರಪತ್ರ ಬರೆದವಳು ನಾನೇ. ‘ನುರಿತ ಶಿಕ್ಷಕರು, ಆಟದೊಂದಿಗೆ ಪಾಠ, ಇಂಗ್ಲಿಷ್ ಮಾಧ್ಯಮವೂ ಲಭ್ಯ, ಇಂದೇ ಸೇರಿಸಿ’ ಎಂದೆಲ್ಲ ದಪ್ಪಕ್ಷರದಲ್ಲಿ ಹಾಕಿಸಿದ್ದೆ. ಒಂದು ಮನೆಯಲ್ಲಿ ನಮ್ಮ ಕಣ್ಣೆದುರೇ ಕರಪತ್ರದ ಮೇಲೆ ಬಟಾಣಿ ಸುಲಿದರು.

ವಠಾರವೊಂದರ ಕೊನೆಯ ಮನೆಯಲ್ಲಿ ಒಬ್ಬಳು ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ಊರ್ಡಿಗೆರೆ ಕಡೆಯವಳು, ಸತ್ಯಮಂಗಲದ ಪ್ಯಾಕಿಂಗ್ ಫ್ಯಾಕ್ಟರಿಯಲ್ಲಿ ಕೆಲಸ. ಅವಳ ಸೆರಗು ಹಿಡಿದು ಆರು ವರ್ಷದ ಹುಡುಗಿ ನಿಂತಿದ್ದಳು. ನಾನು ಮೊಟ್ಟೆಯಿಂದ ಶೂವರೆಗೆ ಎಲ್ಲವನ್ನೂ ಒಪ್ಪಿಸಿದೆ. ಅವಳು ಕೊನೆಯವರೆಗೂ ಕೇಳಿ, ಕ್ಲಿಪ್ಪು ಬಾಯಿಂದ ತೆಗೆದು ಕೇಳಿದಳು.

“ಮೊಟ್ಟೆ ನಮ್ಮನೇಲೂ ಬೇಯಿಸ್ತೀವಿ ಮೇಡಂ. ನಿಮ್ಗೆ ಮಕ್ಳು ಅವ್ರಾ?”

“ಒಬ್ಬಳು ಮಗಳು. ಇವಳ ವಯಸ್ಸೇ, ಈ ವರ್ಷ ಒಂದನೇ ಕ್ಲಾಸು.”

“ಅವ್ಳೂ ಇಲ್ಲೇ ಓದ್ತಾಳಾ? ನಿಮ್ ಮಗು ಇದ್ರೆ ನಮ್ ಮಗೂನೂ ಹಾಕ್ತೀನಿ. ಇಲ್ದಿದ್ರೆ ಬುಡಿ, ನಾನೂ ಹೆಂಗೋ ಮಾಡಿ ವ್ಯಾನ್ ಹತ್ತಿಸ್ತೀನಿ.”

ಹೆಡ್ಮಾಸ್ಟರು ಆಕಾಶ ನೋಡಿದರು. ನಾನು “ಹಾಕ್ತೀನಿ” ಅಂದೆ. ಒಂದು ಕ್ಷಣವೂ ತಡವರಿಸಲಿಲ್ಲ. ಮಕ್ಕಳು ಸುಳ್ಳು ಹೇಳಿದರೆ ಕಿವಿ ಹಿಂಡುವ ಕೈಯಲ್ಲೇ ಅರ್ಜಿ ತುಂಬಿಸಿ ಆಕೆಯ ಸಹಿ ಹಾಕಿಸಿಕೊಂಡೆ. ದಾರಿಯಲ್ಲಿ ಹೆಡ್ಮಾಸ್ಟರು, “ಹೋಗ್ಲಿ ಬುಡಿ ಮೇಡಂ, ಒಂದ್ಸಲ ಸೇರಿದ ಮಗು ಎಲ್ಲೋಗ್ತದೆ?” ಎಂದು ಸಮಾಧಾನ ಹೇಳಿದರು. ಕುಣಿಗಲ್ ತಪ್ಪಿತೆಂದು ಆ ರಾತ್ರಿ ಮನೆಯಲ್ಲಿ ಕೇಸರಿಬಾತು ಮಾಡಿದೆ.

ಶಾಲೆ ಶುರುವಾಯಿತು. ನನ್ನ ಕೋಣೆಯಲ್ಲಿ ಮಕ್ಕಳು ದುಂಡು ಮೇಜುಗಳ ಸುತ್ತ ಪುಟ್ಟ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಆ ಹುಡುಗಿ ಮೊದಲ ದಿನವೇ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಸಿಕೊಂಡು ಬಂದು ಕೂತು, ಪಕ್ಕದ ಕುರ್ಚಿಯ ಮೇಲೆ ತನ್ನ ಚೀಲ ಇಟ್ಟಳು. ಬೇರೆ ಮಗುವೊಂದು ಕೂರಲು ಹೋದರೆ ತಳ್ಳಿಬಿಟ್ಟಳು.

“ಇಲ್ಲಿ ಕೂತ್ಕೋಬ್ಯಾಡ. ಇದು ಮಿಸ್ ಮಗಳ ಜಾಗ. ನಮ್ಮವ್ವ ಹೇಳವ್ಳೆ.”

ಇಡೀ ತರಗತಿ ನನ್ನ ಕಡೆ ತಿರುಗಿತು. “ಅವಳಿಗೆ ಜ್ವರ” ಅಂದೆ. ಮಾರನೆಯ ದಿನವೂ ಜ್ವರ. ಮೂರನೆಯ ದಿನವೂ ಜ್ವರ. ದಿನಾ ಬೆಳಿಗ್ಗೆ ಚೀಲ ಕುರ್ಚಿ ಏರುತ್ತಿತ್ತು, ಮಧ್ಯಾಹ್ನ ಊಟದ ಸಾಲಿನಲ್ಲೂ ಆ ಹುಡುಗಿ ಪಕ್ಕದಲ್ಲಿ ಒಂದು ತಟ್ಟೆಯಷ್ಟು ಜಾಗ ಬಿಟ್ಟು ಕೂರುತ್ತಿದ್ದಳು. ಚೀಲ ತೆಗಿ ಎಂದು ಗದರಬಹುದಿತ್ತು. ಇಷ್ಟುದ್ದ ನಾಲಿಗೆಯವಳು, ಹಾಜರಿ ಪುಸ್ತಕ ತೆರೆದು ಹೆಸರು ಕೂಗತೊಡಗುತ್ತಿದ್ದೆ.

ಎರಡನೆಯ ವಾರ ಅವಳು ನೋಟ್‌ಬುಕ್ಕಿನ ಹಾಳೆಯಲ್ಲಿ ಮಡಿಸಿದ ಕರಿ ದಾರ ತಂದುಕೊಟ್ಟಳು. ನಡುವೆ ಸಣ್ಣ ತಾಮ್ರದ ತಾಯಿತ. “ನಮ್ಮವ್ವ ದರ್ಗಾಕ್ಕೋಗಿ ಊದಿಸ್ಕೊಂಡು ಬಂದವ್ಳೆ ಮಿಸ್. ಕೈಗೆ ಕಟ್ಟಿದ್ರೆ ಜ್ವರ ಹೋಗ್ತದಂತೆ.” ಫ್ಯಾಕ್ಟರಿಗೆ ಅರ್ಧ ದಿನ ರಜೆ ಹಾಕಿ ಹೋಗಿದ್ದಳಂತೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಲಿಲ್ಲ, ಅದಕ್ಕೂ ನನ್ನಂಥವಳನ್ನು ನುಂಗಲು ಮನಸ್ಸಿರಲಿಲ್ಲವೋ ಏನೋ. ದಾರವನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡೆ. ಮನೆಯಲ್ಲಿ ಮಗಳು ಬ್ಯಾಗು ಕೆದಕಿ ಅದನ್ನು ಹುಡುಕಿ ತೆಗೆದು, ಚೆನ್ನಾಗಿದೆ, ನನಗೇ ಬೇಕು ಎಂದು ಹಟ ಮಾಡಿ ಕಟ್ಟಿಸಿಕೊಂಡಳು.

ಮಾರನೆಯ ಬೆಳಿಗ್ಗೆ ಎಂಟೂವರೆಗೆ ಬಟವಾಡಿ ಹೈವೇ ಪಕ್ಕದಲ್ಲಿ ಮಗಳ ಟೈ ಸರಿ ಮಾಡುತ್ತ ನಿಂತಿದ್ದೆ. ಹಳದಿ ವ್ಯಾನು ಬಂತು. ಮಗಳನ್ನು ಹತ್ತಿಸಿ ತಿರುಗಿದರೆ ಎದುರಿಗೆ ಆ ಹೆಂಗಸು, ಕೈಯಲ್ಲಿ ಊಟದ ಡಬ್ಬಿ. ಶಿಫ್ಟಿಗೆ ಹೋಗುವ ಆಟೋ ಕಾಯುತ್ತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ವ್ಯಾನಿನ ಕಿಟಕಿಯಿಂದ ನನ್ನ ಮಗಳು ಟಾಟಾ ಮಾಡುತ್ತಿದ್ದಳು, ಮಣಿಕಟ್ಟಿನಲ್ಲಿ ಕರಿ ದಾರ. ಹೆಂಗಸು ಆ ಕೈಯನ್ನೇ ನೋಡಿದಳು.

“ಜ್ವರ ಇಳೀತಾ ಮೇಡಂ?”

“ಇಳೀತು” ಅಂದೆ.

“ಒಳ್ಳೇದಾಯ್ತು ಬುಡಿ. ಮಗು ಚೆಂದಾಗೈತೆ.” ಅಷ್ಟೇ ಹೇಳಿ ಆಟೋ ಹತ್ತಿದಳು.

ಬೈದಿದ್ದರೆ ಬದುಕುತ್ತಿದ್ದೆ. ಬೈಗುಳಕ್ಕೆ ಉತ್ತರ ಕೊಡುವುದು ನನಗೆ ಗೊತ್ತು. ಇಡೀ ದಿನ ಆಕೆ ಬಂದು ಮಗಳ ಟಿ.ಸಿ. ಕೇಳುತ್ತಾಳೆಂದು ಗೇಟು ನೋಡಿದೆ. ಬರಲಿಲ್ಲ. ಮರುದಿನ ಬೆಳಿಗ್ಗೆ ತರಗತಿಗೆ ಹೋದರೆ ಕುರ್ಚಿಯ ಮೇಲೆ ಚೀಲ ಹಾಗೇ ಕೂತಿತ್ತು. ಆಕೆ ಮನೆಯಲ್ಲಿ ಮಗಳಿಗೆ ಏನನ್ನೂ ಹೇಳಿರಲಿಲ್ಲ. ಟೀಚರು ಸುಳ್ಳುಬುರುಕಿ ಎಂದು ಮಗುವಿಗೆ ತಿಳಿಯಬಾರದು ಎಂದಿರಬೇಕು. ನನ್ನ ಮರ್ಯಾದೆಯನ್ನು ನನಗಿಂತ ಆಕೆಯೇ ಜೋಪಾನವಾಗಿ ಇಟ್ಟಿದ್ದಳು.

ಆಗ ಹುಡುಗಿಯ ಪಕ್ಕ ಮಂಡಿಯೂರಿ ಕೂತು, ನನ್ನ ಮಗಳಿಗೆ ಜ್ವರ ಇರಲೇ ಇಲ್ಲ, ಅವಳು ಬೇರೆ ಸ್ಕೂಲಿಗೆ ಹೋಗುತ್ತಾಳೆ, ಇಲ್ಲಿಗೆ ಬರುವುದಿಲ್ಲ ಎಂದು ಹೇಳಿದೆ. ಅತ್ತುಬಿಡುತ್ತಾಳೆ ಅಂದುಕೊಂಡಿದ್ದೆ. ಅವಳು ಅಳಲಿಲ್ಲ, ನನ್ನನ್ನೇ ಕೇಳಿದಳು.

“ಆ ಸ್ಕೂಲಲ್ಲಿ ನಿಮಗಿಂತ ಒಳ್ಳೇ ಮಿಸ್ ಅವ್ರಾ?”

ನಾನು ಅವಳ ಬಿಗಿ ಜಡೆಯನ್ನೇ ಮತ್ತೆ ಸರಿ ಮಾಡತೊಡಗಿದೆ. ಅವಳು ಚೀಲವನ್ನು ಕುರ್ಚಿಯಿಂದ ಎತ್ತಿ ತನ್ನ ಕಾಲ ಬಳಿ ಇಟ್ಟುಕೊಂಡಳು.