ಕರ್ಪೂರ ಹಚ್ಚುವ ಮುನ್ನ

"ಅತ್ತೆ, ಕಡ್ಡಿ ಗೀರ್ಬೇಡಿ!" ಎಂದು ಕೂಗಿದೆ. ಅತ್ತೆಯವರು ಬೆಂಕಿಪೊಟ್ಟಣ ಹಿಡಿದುಕೊಂಡೇ ನಿಂತರು.

ಬೆಂಗಳೂರಿಗೆ ಹತ್ತಿರದ ವಿಜಯಪುರದ ನಮ್ಮ ಮನೆಯಂಗಳದಲ್ಲಿ ಯಜಮಾನರೂ ಮೈದುನನೂ ಸೇರಿ, ಬಾಡಿಗೆಗೆ ಓಡಿಸುವ ನಮ್ಮ ಹಳೆಯ ಕಾರಿಗೆ ಬೆಂಗಳೂರಿನ ಗುಜರಿಯಿಂದ ತಂದ ದೊಡ್ಡ ಕಾರ್ಬುರೇಟರ್ ಕೂರಿಸಿದ್ದರು. ಏರಿನಲ್ಲಿ ಗಾಡಿ ಚೆನ್ನಾಗಿ ಎಳೆಯಲಿ ಎಂಬುದು ಅವರ ಆಸೆ. ಯಾರ ಮನೆಯಲ್ಲಿದ್ದ ಕಬ್ಬಿಣವೋ, ಕರ್ಪೂರ ಬೆಳಗದೆ ಗಾಡಿ ಚಾಲೂ ಮಾಡಕೂಡದು ಎಂದು ಅತ್ತೆಯವರು ಹೇಳಿದ್ದರು. ನಾನು ಬಾನೆಟ್ಟಿನೊಳಗೆ ಬಗ್ಗಿ ಕುಂಕುಮವಿಟ್ಟೆ. ಬೊಟ್ಟು ನಿಲ್ಲದೆ ಕರಗಿ ಇಳಿಯಿತು. ಬೆರಳು ಮೂಸಿದರೆ ಪೆಟ್ರೋಲ್. ಮೈದುನ ಇನ್ನೂ ಕಾರಿನಡಿಯಲ್ಲಿ ಮಲಗಿ ನಟ್ಟು ಬಿಗಿಯುತ್ತಿದ್ದ.

"ಪೂಜೆಗೆ ಅಡ್ಡ ಬರ್ತೀಯೇನೇ?" ಎಂದರು ಅತ್ತೆ.

"ಪೆಟ್ರೋಲ್ ಸೋರ್ತಾ ಇದೆ ಅತ್ತೆ, ರಾಮು ಕೆಳಗಿದಾನೆ."

ಅವರು ಬೆಂಕಿಪೊಟ್ಟಣವನ್ನು ಬಾವಿಕಟ್ಟೆಯಾಚೆ ಎಸೆದು, "ಲೇ ರಾಮು, ಆಚೆ ಬಾರೋ!" ಎಂದು ಕಿರುಚಿದರು.

"ಇನ್ನೊಂದೇ ನಟ್ಟು ಕಣಮ್ಮ. ಪೂಜೆ ಗಾಡಿಗೋ ನನಗೋ?" ಎಂದು ಗೊಣಗುತ್ತ ಅವನು ತೆವಳಿ ಬಂದ. ಅಂಗಿಯ ಬೆನ್ನೆಲ್ಲ ಪೆಟ್ರೋಲಿನಲ್ಲಿ ತೊಯ್ದಿತ್ತು.

ಸೋರಿಕೆ ಸರಿಪಡಿಸಿದ ಮೇಲೆ ಕಾರು ಏರಿನಲ್ಲೂ ಚೆನ್ನಾಗಿಯೇ ಎಳೆಯುತ್ತಿದೆ. ನಾನು ದೇವರಿಗೆ ಕೈ ಮುಗಿಯುವುದು ಅದಕ್ಕಲ್ಲ. ಅಂದು ಮಧ್ಯಾಹ್ನ ಮೈದುನ ಊಟಕ್ಕೆ ಕುಳಿತು, ಸಾರಿಗೆ ಉಪ್ಪು ಸಾಲದೆಂದು ನನ್ನನ್ನು ಬೈದನಲ್ಲ, ಅದಕ್ಕೆ.